ರವೆಯ ಹುಳು, ಮೂರು ಪೊಟ್ಟಣ ಮೆಂತ್ಯ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಉಗ್ರಾಣವೆಂದರೆ ಅಡುಗೆಮನೆ ಮೂಲೆಯ ನಾಲ್ಕು ಕಡಪಾ ಕಲ್ಲಿನ ಹಲಗೆಗಳು. ಕಳೆದ ಆಷಾಢದಲ್ಲಿ ರವೆ ಡಬ್ಬ ತೆರೆದರೆ ಹುಳು. ಹಿಂದೆ ತಡಕಿದರೆ ಮೂರು ಪೊಟ್ಟಣ ಮೆಂತ್ಯ! ದೇವರಾಜ ಮಾರುಕಟ್ಟೆಗೆ ಹೋದಾಗಲೆಲ್ಲ ‘ಮನೆಯಲ್ಲಿದೆಯೋ ಇಲ್ಲವೋ’ ಎಂದು ತಂದದ್ದು.

ಮೊದಲು ಚೆಂದದ ಪಾರದರ್ಶಕ ಡಬ್ಬಗಳನ್ನು ಕೊಂಡೆ. ಶುದ್ಧ ದಡ್ಡತನ. ಹಳೆಯ ರವೆಯ ಮೇಲೆ ಹೊಸದನ್ನು ಸುರಿಯುವ ಚಾಳಿ ಹೋಗದಿದ್ದರೆ ಡಬ್ಬ ತಾನೇ ಏನು ಮಾಡೀತು?

ಈಗ ಡಬ್ಬ ಬರಿದಾಗಿ, ತೊಳೆದು, ಬಿಸಿಲಿನಲ್ಲಿ ಒಣಗಿದ ಮೇಲೆಯೇ ಹೊಸದು. ರವೆಯನ್ನು ತಂದ ದಿನವೇ ಹುರಿದು, ಪೂರ್ತಿ ಆರಿಸಿ ತುಂಬುತ್ತೇನೆ. ಬಿಸಿಯಿದ್ದಾಗಲೇ ಮುಚ್ಚಿದರೆ ಬೆವರಿ ಗಂಟು ಕಟ್ಟುತ್ತದೆ. ತೊಗರಿಬೇಳೆಗೆ ಅಜ್ಜಿಯ ಹರಳೆಣ್ಣೆಯೇ ಗತಿ: ಕಿಲೋಗೆ ಒಂದು ಚಿಕ್ಕ ಚಮಚ, ಅಂಗೈಯಲ್ಲಿ ಸವರಿದರೆ ಸಾಕು. ಬೇಯಿಸುವ ಮುನ್ನ ಬಿಸಿನೀರಿನಲ್ಲಿ ತೊಳೆಯುತ್ತೇನೆ. ಮಂಡ್ಯದ ಕಡೆಯಿಂದ ಬರುವ ರಾಗಿಯನ್ನು ಕಾಳಾಗಿಯೇ ಇಟ್ಟು, 15 ದಿನಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತೇನೆ. ಕಾಳು ಬಾಳುತ್ತದೆ, ಹಿಟ್ಟು ಬಾಳುವುದಿಲ್ಲ.

ದಿನಬಳಕೆಯದು ಎದೆಯೆತ್ತರದ ಹಲಗೆಯಲ್ಲಿ, ಹಪ್ಪಳ, ಸಂಡಿಗೆ ಮೇಲೆ, ಎಣ್ಣೆ ಕೆಳಗೆ. ಬೆಲ್ಲದ ಡಬ್ಬ ಮಾತ್ರ ನೀರಿನ ತಟ್ಟೆಯಲ್ಲಿ ನಿಂತಿದೆ, ಇರುವೆಗಳ ದೆಸೆಯಿಂದ.

ಮೆಂತ್ಯ ಇನ್ನೂ ಮುಗಿದಿಲ್ಲ. ವಾರಕ್ಕೆರಡು ಸಲ ಮೆಂತ್ಯದ ದೋಸೆ ತಿನ್ನುತ್ತಿದ್ದೇವೆ.