ರ‍್ಯಾಮ್ ನೆಚ್ಚದೆ ರ‍್ಯಾಮ್ ಪರೀಕ್ಷೆ: ಒಂದು ಬಿಬಿಸಿ ಮೈಕ್ರೋ ಮತ್ತೆ ಚಾಲೂ ಆದ ಬಗೆ

ರ‍್ಯಾಮ್‌ನ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ) ಒಂದೇ ಒಂದು ಬೈಟನ್ನೂ ನೆಚ್ಚಿಕೊಳ್ಳದ ಪ್ರೋಗ್ರಾಮು ಬರೆದು, ಅದರಿಂದಲೇ ಯಾವ ರ‍್ಯಾಮ್ ಚಿಪ್ಪು ಕೆಟ್ಟಿದೆ ಎಂಬುದನ್ನು ಪತ್ತೆ ಹಚ್ಚಬಹುದು ಎಂದು ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಝೀರೋ ಪೇಜ್ (ರ‍್ಯಾಮ್‌ನ ಮೊದಲ 256 ಬೈಟು) ಮತ್ತು ಸ್ಟ್ಯಾಕ್ (ಮರಳಬೇಕಾದ ವಿಳಾಸ ಮುಂತಾದವನ್ನು ಒಂದರ ಮೇಲೊಂದು ಇಡುವ ರ‍್ಯಾಮ್ ಭಾಗ) ಇಲ್ಲದಿದ್ದರೆ 6502 ಪ್ರೊಸೆಸರಿನಿಂದ ಏನೂ ಆಗದು ಎಂಬುದು ಅವರ ವಾದವಾಗಿತ್ತು. ಕೆಟ್ಟು ನಿಂತಿದ್ದ ಆ ಯಂತ್ರ, 1980ರ ದಶಕದ ಬ್ರಿಟಿಷ್ ಕಂಪ್ಯೂಟರಾದ ಬಿಬಿಸಿ ಮೈಕ್ರೋ, ಈಗ ನನ್ನ ಮೇಜಿನ ಮೇಲೆ ದಿನವೂ ಓಡುತ್ತಿರುವುದರಿಂದ, ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಯಂತ್ರವು ಬಿಬಿಸಿ ಮೈಕ್ರೋ ಮಾಡೆಲ್ ಬಿ. 1984ರಲ್ಲಿ ಆರಂಭವಾದ ಕ್ಲಾಸ್ (ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ) ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಮಾದರಿ. ಗುಜರಿಯವರು ಸುಮಾರು ಎರಡು ಸಾವಿರ ರೂಪಾಯಿಗೆ ಕೊಟ್ಟರು. ಪವರ್ ಸಪ್ಲೈಯ ಮೇನ್ಸ್ ಫಿಲ್ಟರಿನಲ್ಲಿ ಬಿರುಕು ಬಿಟ್ಟಿದ್ದ ಎರಡು ಕೆಪಾಸಿಟರುಗಳನ್ನು ಹೊಗೆ ಏಳುವ ಮೊದಲೇ ಬದಲಿಸಿದೆ. ಐದು ವೋಲ್ಟ್ ಸರಿಯಾಗಿ ಬಂತು. ಆದರೆ ಸ್ವಿಚ್ ಹಾಕಿದರೆ ಎರಡು ಸ್ವರದ ಬೀಪ್ ಬದಲಿಗೆ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಪರದೆಯ ಮೇಲೆ ಬರೀ ಕಸ. ಸೌಂಡ್ ಚಿಪ್ಪನ್ನು ಸುಮ್ಮನಾಗಿಸುವ ಹಂತದವರೆಗೂ ಆಪರೇಟಿಂಗ್ ಸಿಸ್ಟಮ್ ತಲುಪುತ್ತಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಇಲ್ಲಿಂದ ಹಣ ಹರಿಯತೊಡಗಿತು. 16 ಮೆಗಾಹರ್ಟ್ಸ್ ಗಡಿಯಾರವನ್ನು (ಚಿಪ್ಪುಗಳಿಗೆ ತಾಳ ಕೊಡುವ ವಿದ್ಯುತ್ ಮಿಡಿತವನ್ನು) ಭಾಗಿಸಿ ಉಳಿದ ಚಿಪ್ಪುಗಳಿಗೆ ಹಂಚುವುದು ವಿಡಿಯೊ ಯುಎಲ್‌ಎ (ಪರದೆಯ ಚಿತ್ರ ರೂಪಿಸುವ ವಿಶೇಷ ಚಿಪ್ಪು) ಆದ್ದರಿಂದ ಎಲ್ಲರ ಅನುಮಾನವೂ ಅದರ ಮೇಲೇ ಬಿತ್ತು. ಇಂಗ್ಲೆಂಡಿನಿಂದ ಹಳೆಯದೊಂದನ್ನು ತರಿಸಲು ಕಸ್ಟಮ್ಸ್ ಸೇರಿ ಐದು ಸಾವಿರದ ಹತ್ತಿರ ಖರ್ಚಾಯಿತು. ಸದ್ದು ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ 6502 ಮತ್ತು 6522 (ಕೀಬೋರ್ಡು, ಸೌಂಡ್ ಚಿಪ್ಪು ಮುಂತಾದವನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್ಪು) ಹಾಕಿದರೂ ಅದೇ ಕಥೆ. ರ‍್ಯಾಮ್ ಚಿಪ್ಪುಗಳ ಬೆನ್ನಿನ ಮೇಲೆ ಒಳ್ಳೆಯ ಚಿಪ್ಪನ್ನು ಕೂರಿಸಿ ನೋಡುವ ಉಪಾಯವೂ ಫಲ ಕೊಡಲಿಲ್ಲ, ಏಕೆಂದರೆ ಕೆಟ್ಟ ಚಿಪ್ಪು ಡೇಟಾ ಲೈನನ್ನು ಒಂದೇ ಮಟ್ಟಕ್ಕೆ ಎಳೆದು ಹಿಡಿದಿದ್ದರೆ ಮೇಲಿನ ಚಿಪ್ಪು ಏನು ಹೇಳಿದರೂ ಅದು ಬಸ್ಸಿಗೆ (ಚಿಪ್ಪುಗಳನ್ನು ಜೋಡಿಸುವ ಗೆರೆಗಳ ಸಾಲಿಗೆ) ತಲುಪುವುದಿಲ್ಲ. ಹದಿನಾರೂ ಚಿಪ್ಪುಗಳನ್ನು ಕಿತ್ತು ಹೊಸದು ಹಾಕಿ ಎಂದರು ಕೆಲವರು. ಬೋರ್ಡಿಗೆ ನೇರವಾಗಿ ಬೆಸುಗೆಯಾಗಿರುವ 4816 ಚಿಪ್ಪುಗಳವು. ಕಿತ್ತರೆ ಹಳೆಯ ಬೋರ್ಡಿನ ತಾಮ್ರದ ಗೆರೆಗಳೂ ಜೊತೆಗೇ ಎದ್ದು ಬರುತ್ತವೆ.

ಆಗ ನಾನು ಹಿಡಿದ ದಾರಿ ಹೀಗಿದೆ. ಆಪರೇಟಿಂಗ್ ಸಿಸ್ಟಮ್ ಇರುವ ರಾಮ್ (ROM, ಓದಲು ಮಾತ್ರ ಬರುವ ಶಾಶ್ವತ ನೆನಪಿನ ಚಿಪ್ಪು) ಕೂರುವ ಐಸಿ 51ರ ಜಾಗದಲ್ಲಿ ನನ್ನದೇ ಪ್ರೋಗ್ರಾಮು ತುಂಬಿದ 27ಸಿ128 ಇಪ್ರಾಮ್ (ನಾವೇ ಬರೆದು ತುಂಬಬಹುದಾದ ರಾಮ್) ಕೂರಿಸಿದೆ. ಅದರಲ್ಲಿ ಸಬ್‌ರುಟೀನ್ ಇಲ್ಲ, ಪುಶ್ ಇಲ್ಲ, ಪುಲ್ ಇಲ್ಲ, ಅಂದರೆ ಸ್ಟ್ಯಾಕ್ ಮುಟ್ಟುವ ಯಾವ ಆಜ್ಞೆಯೂ ಇಲ್ಲ. ಎ, ಎಕ್ಸ್, ವೈ ಎಂಬ ಮೂರೇ ರಿಜಿಸ್ಟರುಗಳು (ಪ್ರೊಸೆಸರಿನೊಳಗಿನ ಪುಟ್ಟ ನೆನಪಿನ ಜಾಗಗಳು). ಸ್ಟ್ಯಾಕ್ ಬಳಸದ ಮೇಲೆ ಸ್ಟ್ಯಾಕ್ ಪಾಯಿಂಟರಿಗೆ ಬೇರೆ ಕೆಲಸವಿಲ್ಲವಾದ್ದರಿಂದ ಅದನ್ನೇ ನಾಲ್ಕನೆಯ ರಿಜಿಸ್ಟರಾಗಿ ದುಡಿಸಿಕೊಂಡೆ, ಮತ್ತು ಇದು ನನಗೆ ತಾನಾಗಿಯೇ ಹೊಳೆದದ್ದು ಎಂದು ಹೇಳಿಕೊಳ್ಳಲು ಹೆಮ್ಮೆಯಿದೆ. ಪಾಯಿಂಟರುಗಳನ್ನು ಇಡಲು ಝೀರೋ ಪೇಜ್ ಇಲ್ಲದ್ದರಿಂದ ರ‍್ಯಾಮ್‌ನ 128 ಪುಟಗಳಿಗೂ (ಒಂದು ಪುಟವೆಂದರೆ 256 ಬೈಟು) ಬೇರೆ ಬೇರೆ ಆಜ್ಞೆಗಳನ್ನೇ ಸಾಲಾಗಿ ಬರೆದೆ; 16ಕೆ ರಾಮ್‌ನಲ್ಲಿ ಜಾಗಕ್ಕೇನೂ ಬರವಿಲ್ಲ. ಪ್ರತಿ ಬೈಟಿಗೂ ಹೆಕ್ಸ್ 55 (0, 1 ಒಂದಾದ ಮೇಲೊಂದು ಬರುವ ಮಾದರಿ) ಬರೆದು, ತುಸು ತಡೆದು ಓದುವುದು. ಆಮೇಲೆ ಅದರ ತಿರುವುಮುರುವಾದ ಎಎ ಬರೆದು ಓದುವುದು. ವ್ಯತ್ಯಾಸ ಬಂದ ಬಿಟ್ಟಿನ ಸಂಖ್ಯೆಗೆ (0ಯಿಂದ 7) ಒಂದು ಕೂಡಿಸಿ, ಕೀಬೋರ್ಡಿನ ದೀಪವನ್ನು ಅಷ್ಟು ಸಲ ಮಿನುಗಿಸುವುದು. ಪ್ರತಿ 16ಕೆಯಲ್ಲೂ ಬಿಟ್ಟಿಗೊಂದರಂತೆ ಎಂಟು ಚಿಪ್ಪುಗಳಿವೆ: ಕೆಳಗಿನ 16ಕೆಗೆ ಕ್ಯಾಪ್ಸ್ ಲಾಕ್, ಮೇಲಿನದಕ್ಕೆ ಶಿಫ್ಟ್ ಲಾಕ್. ಶುರುವಿನಲ್ಲಿ ಎರಡೂ ದೀಪಗಳು ಒಮ್ಮೆ ಉದ್ದಕ್ಕೆ ಹೊತ್ತಿದರೆ ಪ್ರೊಸೆಸರು, ಗಡಿಯಾರ, 6522 ಮೂರೂ ಕೆಲಸ ಮಾಡುತ್ತಿವೆ ಎಂದರ್ಥ. ಆ ಬೆಳಕೊಂದು ಮೊದಲೇ ಕಂಡಿದ್ದರೆ ಯುಎಲ್‌ಎಯ ಹಣ ಉಳಿಯುತ್ತಿತ್ತು.

ಮೊದಲ ಆವೃತ್ತಿ ಮಾತ್ರ ಪ್ರತಿ ಸಲವೂ ಬೇರೆ ಬೇರೆ ಬಿಟ್ಟನ್ನು ತೋರಿಸಿತು. ಕಾರಣ ಈ ಯಂತ್ರದ ರಚನೆಯಲ್ಲೇ ಇದೆ: ಇಲ್ಲಿ ಡೈನಮಿಕ್ ರ‍್ಯಾಮ್‌ಗೆ ರಿಫ್ರೆಶ್ (ಬರೆದದ್ದು ಮರೆಯದಂತೆ ಆಗಾಗ ಸಿಗಬೇಕಾದ ಮರುಚೇತನ) ಸಿಗುವುದು 6845 ಚಿಪ್ಪು ಪರದೆಗಾಗಿ ರ‍್ಯಾಮ್ ಓದುತ್ತಿರುವುದರಿಂದ. ಆಪರೇಟಿಂಗ್ ಸಿಸ್ಟಮ್ ತೆಗೆದರೆ 6845ಕ್ಕೆ ರಿಜಿಸ್ಟರು ತುಂಬುವವರು ಯಾರೂ ಇಲ್ಲ. ಅದರ ಕೋಷ್ಟಕವನ್ನು ಪ್ರೋಗ್ರಾಮಿನ ಆರಂಭದಲ್ಲೇ ಸೇರಿಸಿದ ಮೇಲೆ ಕ್ಯಾಪ್ಸ್ ಲಾಕ್ ಆರು ಸಲ ಮಿನುಗಿ ನಿಂತಿತು. ಮತ್ತೆ ಮತ್ತೆ ಆನ್ ಮಾಡಿದರೂ ಆರೇ.

ಇದೇ ನೆಪದಲ್ಲಿ, ರಿಫ್ರೆಶ್ ಕೊಡದಿದ್ದರೆ ಈ ಚಿಪ್ಪುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತವೆ ಎಂಬುದನ್ನೂ ನೋಡಿದೆ. ಡೇಟಾಶೀಟಿನಲ್ಲಿರುವುದು ಎರಡು ಮಿಲಿಸೆಕೆಂಡು; ತಣ್ಣಗಿರುವಾಗ ಕೆಲವು ಚಿಪ್ಪುಗಳು ಒಂದು ಸೆಕೆಂಡಿಗೂ ಹೆಚ್ಚು ತಾಳಿದವು, ಹೇರ್ ಡ್ರೈಯರಿನಿಂದ ಬಿಸಿ ಮಾಡಿದರೆ ಅದರ ಕಾಲು ಭಾಗವೂ ಇಲ್ಲ. ಬಿಸಿಯಲ್ಲೇ ಪರೀಕ್ಷೆ ನಡೆಸಿದಾಗ ಮೇಲಿನ 16ಕೆಯ ಇನ್ನೊಂದು ಚಿಪ್ಪೂ ಸಿಕ್ಕಿಬಿತ್ತು. ತಣ್ಣಗಿನ ಪರೀಕ್ಷೆಯಲ್ಲಿ ಅದು ಎಂದೂ ಬಯಲಾಗುತ್ತಿರಲಿಲ್ಲ.

ಸರ್ಕ್ಯೂಟ್ ನಕ್ಷೆ ನೋಡಿ ಆ ಎರಡೇ ಚಿಪ್ಪುಗಳ ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲನ್ನು ಬೆಸುಗೆಯಿಂದ ಬಿಡಿಸಿ, ಸಾಕೆಟ್ ಹಾಕಿದೆ. 4816 ಈಗ ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಯಾವ ಚಿಪ್ಪು ಬಳಸಿದೆ, ಅದರ ಯಾವ ಕಾಲನ್ನು ಎಲ್ಲಿಗೆ ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡಕ್ಕೂ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ. ಮೂಲ ರಾಮ್ ಮರಳಿ ಕೂರಿಸಿದಾಗ ಎರಡು ಸ್ವರದ ಬೀಪ್ ಬಂತು, ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಮೂಡಿತು.

ಒಟ್ಟು ಲೆಕ್ಕ ಹತ್ತು ಸಾವಿರದ ಆಸುಪಾಸಿನಲ್ಲಿದೆ, ಅದರಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಮೂರು ಸಾವಿರವೂ ಅಲ್ಲ. ಫ್ಲಾಪಿ ನಿಯಂತ್ರಿಸುವ 8271 ಚಿಪ್ಪು ಬಹಳ ಅಪರೂಪದ್ದಾದ್ದರಿಂದ ಅದನ್ನು ಕಿತ್ತು ಬೇರೆಯಾಗಿ ಜೋಪಾನ ಮಾಡಿದ್ದೇನೆ. ಪ್ರೋಗ್ರಾಮುಗಳನ್ನು ಸದ್ಯಕ್ಕೆ ಕ್ಯಾಸೆಟ್ ಪೋರ್ಟಿನ ಮೂಲಕ ಮೊಬೈಲಿನಿಂದಲೇ 1200 ಬಾಡ್‌ನಲ್ಲಿ ತುಂಬುತ್ತಿದ್ದೇನೆ. ಮೊಬೈಲಿನ ಈಕ್ವಲೈಜರ್ ಆಫ್ ಮಾಡಿ, ವಾಲ್ಯೂಮ್ ಮುಕ್ಕಾಲಿನ ಮೇಲಿಟ್ಟರೆ ತಪ್ಪಿಲ್ಲದೆ ಓದುತ್ತದೆ.