ಕರಾರಿನಲ್ಲಿ ‘ಬ್ರೇಕ್‌ಈವನ್’ ಬರೆಯುವುದು ಹೇಗೆ?

‘ಯೋಜನೆ ಬ್ರೇಕ್‌ಈವನ್ ತಲುಪಿದ ಮೇಲೆ ಲಾಭದಲ್ಲಿ ಶೇ 20 ಪಾಲು.’ ಇಷ್ಟನ್ನೇ ಬರೆದು ಸಹಿ ಹಾಕಿದ ಕರಾರುಗಳು ಬೇಕಾದಷ್ಟಿವೆ. ಲೆಕ್ಕದ ಪುಸ್ತಕ ತೆರೆದರೆ ಬ್ರೇಕ್‌ಈವನ್, ಅಂದರೆ ಬಂದ ಹಣ ಖರ್ಚಿಗೆ ಸಮನಾಗುವ ಗೆರೆ, ಮುಟ್ಟಿ ಅಸಲು ಹುಟ್ಟಿತೋ ಇಲ್ಲವೋ ತಾನಾಗಿಯೇ ಗೊತ್ತಾಗುತ್ತದೆ ಎಂಬ ನಂಬಿಕೆ ಇದರ ಹಿಂದಿರುತ್ತದೆ. ಆದರೆ ಒಂದೇ ಪುಸ್ತಕ, ಅದೇ ಅಂಕಿಗಳನ್ನು ಮುಂದಿಟ್ಟುಕೊಂಡು ಹಣ ಹಾಕಿದವರು ‘ಇನ್ನೂ ಹುಟ್ಟಿಲ್ಲ’ ಎನ್ನಬಹುದು, ಪಾಲು ಬರಬೇಕಾದವರು ‘ಹುಟ್ಟಿ ಆರು ತಿಂಗಳಾಯಿತು’ ಎನ್ನಬಹುದು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಯಾವ ಬಾಬತ್ತನ್ನು ಖರ್ಚಿಗೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಕರಾರು ಹೇಳದಿದ್ದರೆ ಎರಡು ಉತ್ತರಗಳಿಗೂ ಜಾಗ ಇರುತ್ತದೆ.

ವಾಣಿಜ್ಯ ಪಠ್ಯದ ಸೂತ್ರ ಸರಳ. ಮಾರಾಟ ಬೆಲೆಯಲ್ಲಿ ಬದಲಾಗುವ ವೆಚ್ಚ ಕಳೆಯಿರಿ, ಉಳಿದದ್ದರಿಂದ ಸ್ಥಿರ ವೆಚ್ಚವನ್ನು ಭಾಗಿಸಿ. ಸ್ಥಿರ ವೆಚ್ಚ 60,000, ಬೆಲೆ 50, ಬದಲಾಗುವ ವೆಚ್ಚ 30 ಆದರೆ 3,000 ಘಟಕ ಮಾರಿದಾಗ ಖರ್ಚು ಸರಿಹೋಗುತ್ತದೆ. ಯೋಜನೆ ಹಾಕುವಾಗ ಇಷ್ಟು ಸಾಕು. ಕರಾರಿಗೆ ಸಾಲದು. ಖರ್ಚು ಮೂರು ವರ್ಷ ಹರಡಿರುತ್ತದೆ, ಹಣ ಕಂತಿನಲ್ಲಿ ಬರುತ್ತದೆ, ನಡುವೆ ಬಡ್ಡಿ ಓಡುತ್ತಿರುತ್ತದೆ, ಲೆಕ್ಕ ಬರೆಯುವುದು ಇಬ್ಬರಲ್ಲಿ ಒಬ್ಬರೇ. ಆದ್ದರಿಂದ ಗುರಿ ಇಷ್ಟೇ: ಕರಾರನ್ನೂ ಪುಸ್ತಕವನ್ನೂ ಸಂಬಂಧವೇ ಇಲ್ಲದ ಮೂರನೆಯವರ ಕೈಗೆ ಕೊಟ್ಟರೆ ಅವರಿಗೂ ಅದೇ ದಿನಾಂಕ ಸಿಗಬೇಕು.

ಹಂತ 1: ಆ ಗೆರೆ ದಾಟಿದರೆ ಏನಾಗುತ್ತದೆ?

ಮೊದಲು ಪರಿಣಾಮ ಬರೆಯಿರಿ, ವ್ಯಾಖ್ಯೆ ಆಮೇಲೆ. ಪಾಲು ಶುರುವಾಗುತ್ತದೆಯೋ, ಇರುವ ಪಾಲಿನ ದರ ಬದಲಾಗುತ್ತದೆಯೋ, ಬಾಡಿಗೆ ಏರುತ್ತದೆಯೋ, ಸಾಲ ಕೊಟ್ಟವರ ಕಟ್ಟುಪಾಡು ಸಡಿಲವಾಗುತ್ತದೆಯೋ, ವ್ಯಾಪಾರ ಮಾರಿದವರಿಗೆ ಬಾಕಿ ಕಂತು ಸಿಗುತ್ತದೆಯೋ? ಯಾವ ಅಳತೆಗೋಲು ಬೇಕು ಎಂಬುದು ಇದರ ಮೇಲೆ ನಿಂತಿದೆ.

ಹಾಕಿದ ಹಣ ವಾಪಸು ಬಂದಿತೇ ಎಂದು ನೋಡಬೇಕಾದರೆ ಮೊದಲ ದಿನದಿಂದ ಕೂಡಿಸುತ್ತ ಬಂದ ನಗದು ಲೆಕ್ಕ ಬೇಕು. ವ್ಯಾಪಾರ ತನ್ನ ಕಾಲಮೇಲೆ ನಿಂತಿತೇ ಎಂದು ನೋಡಬೇಕಾದರೆ ಆಯಾ ತ್ರೈಮಾಸಿಕದ ಲೆಕ್ಕ ಸಾಕು. ಹಳೆಯ ನಷ್ಟ ಬೆಟ್ಟದಷ್ಟಿದ್ದರೂ ಈ ತ್ರೈಮಾಸಿಕದಲ್ಲಿ ಆದಾಯ ಖರ್ಚನ್ನು ಮುಟ್ಟಿದರೆ ಎರಡನೆಯ ಅರ್ಥದಲ್ಲಿ ಬ್ರೇಕ್‌ಈವನ್ ಆದಂತೆ. ಇವೆರಡನ್ನು ಒಂದೇ ಪದದಲ್ಲಿ ಹೇಳಿ ಬಿಟ್ಟ ಕರಾರುಗಳು ಜಗಳಕ್ಕೆ ನೇರ ದಾರಿ.

ಸಾಲದ ಕರಾರುಗಳಲ್ಲಿ ‘ಸತತ ಎರಡು ತ್ರೈಮಾಸಿಕ ಬ್ರೇಕ್‌ಈವನ್’ ಎಂಬ ಷರತ್ತು ಬರುತ್ತದೆ. ‘ಸತತ’ ಎಂಬುದನ್ನು ಬಿಡಬೇಡಿ. ಒಂದೇ ತ್ರೈಮಾಸಿಕವಾದರೆ ಜಾಹೀರಾತನ್ನು ಮುಂದಕ್ಕೆ ಹಾಕಿ, ರಿಪೇರಿ ತಡೆಹಿಡಿದು, ಬಿಲ್ಲುಗಳನ್ನು ಬೇಗ ಕಳಿಸಿ ಗೆರೆ ಮುಟ್ಟಿಸಬಹುದು. ಯಾವ ಲಾಭ ಎಂದೂ ಹೇಳಿ: ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭವೋ, ಎಲ್ಲ ಕಳೆದ ನಿವ್ವಳ ಲಾಭವೋ, ದಿನನಿತ್ಯದ ವ್ಯವಹಾರದಿಂದ ಬಂದ ನಗದೋ? ಯಂತ್ರ, ಸಾಲ ಹೆಚ್ಚಿರುವ ಉದ್ಯಮದಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ವರ್ಷಗಳ ಅಂತರ ಇರಬಹುದು. ‘ಒಂದೇ ಬಾರಿಯ ಅಸಾಧಾರಣ ಖರ್ಚು’ ಎಂದು ಲೆಕ್ಕದಿಂದ ಹೊರಗಿಡುವ ಮೊತ್ತಕ್ಕೆ ಮಿತಿ ಹಾಕಿ. ಮಿತಿ ಇಲ್ಲದಿದ್ದರೆ ಪ್ರತಿ ತ್ರೈಮಾಸಿಕದಲ್ಲೂ ಒಂದು ‘ಒಂದೇ ಬಾರಿಯ’ ಖರ್ಚು ಹುಟ್ಟುತ್ತದೆ.

ಹಂತ 2: ಬಂದ ಹಣ ಯಾವುದು?

ಬಿಲ್ಲು ಕಳಿಸಿದ ದಿನವೋ, ಹಣ ಖಾತೆಗೆ ಜಮೆಯಾದ ದಿನವೋ, ಮೊದಲು ಇದನ್ನು ಹೇಳಿ. ಆಮೇಲೆ ಕಳೆಯಬೇಕಾದದ್ದು: ಸರ್ಕಾರಕ್ಕೆ ಕಟ್ಟುವ ಮಾರಾಟ ತೆರಿಗೆ, ಗ್ರಾಹಕರಿಗೆ ಮರಳಿಸಿದ ಹಣ, ವಸೂಲಾಗದ ಬಾಕಿ. ಮುಂಗಡವನ್ನು ಬಂದ ದಿನ ಹಿಡಿಯಬೇಕೋ, ಸರಕು ಕೊಟ್ಟ ಮೇಲೋ ಎಂಬುದು ಬಹಳಷ್ಟು ಕರಾರುಗಳಲ್ಲಿ ಇರುವುದಿಲ್ಲ.

ಗುಂಪು ಕಂಪನಿಗಳಿದ್ದಲ್ಲಿ ಇನ್ನೂ ಒಂದು ಮಾತು. ಕಂಪನಿ ತನ್ನದೇ ಸಹಸಂಸ್ಥೆಗೆ ಅಗ್ಗಕ್ಕೆ ಮಾರಿ, ಆ ಸಂಸ್ಥೆ ಹೊರಗೆ ದುಬಾರಿಗೆ ಮಾರಿದರೆ ನಿಮ್ಮ ಲೆಕ್ಕಕ್ಕೆ ಬರುವುದು ಅಗ್ಗದ ದರ ಮಾತ್ರ. ‘ಸಂಬಂಧಿತ ಸಂಸ್ಥೆಗೆ ಮಾಡಿದ ಮಾರಾಟವನ್ನು ಹೊರಗಿನ ಗ್ರಾಹಕರಿಗೆ ಸಿಕ್ಕ ಬೆಲೆಯಲ್ಲೇ ಲೆಕ್ಕ ಹಿಡಿಯತಕ್ಕದ್ದು’ ಎಂಬ ಒಂದು ವಾಕ್ಯ ಇದನ್ನು ತಡೆಯುತ್ತದೆ.

ಹಂತ 3: ಖರ್ಚಿನ ಪಟ್ಟಿ

ಹಣ ಸೋರಿಹೋಗುವುದು ಇಲ್ಲಿ. ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕೋಣ.

ತಯಾರಿಕೆಗೆ 100 ಲಕ್ಷ, ವಿತರಣೆಯ ನೇರ ಖರ್ಚು 20 ಲಕ್ಷ. ಬರಿಗಣ್ಣಿಗೆ 120 ಲಕ್ಷ ಬಂದರೆ ಸಮ. ಆದರೆ ವಿತರಕರ ಕಮಿಷನ್ ಒಟ್ಟು ವಸೂಲಿಯ ಶೇ 30 ಎಂದು ಕರಾರಿನಲ್ಲಿದೆ. ಅಂದರೆ ಬಂದ ಪ್ರತಿ 100ರಲ್ಲಿ ಖರ್ಚು ತೀರಿಸಲು ಸಿಗುವುದು 70. ಆದ್ದರಿಂದ 120ನ್ನು 0.70ರಿಂದ ಭಾಗಿಸಬೇಕು: 171.43 ಲಕ್ಷ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. 120ಕ್ಕೆ ಅದರದೇ ಶೇ 30 ಕೂಡಿಸಿ 156 ಎನ್ನುತ್ತಾರೆ. ಕಮಿಷನ್ ಇರುವುದು ಖರ್ಚಿನ ಮೇಲಲ್ಲ, ವಸೂಲಿಯ ಮೇಲೆ.

ಇನ್ನು ‘ಕಚೇರಿ ಮೇಲ್ವೆಚ್ಚ, ತಯಾರಿಕಾ ವೆಚ್ಚದ ಶೇ 10’ ಎಂಬ ಸಾಲು (ಕಚೇರಿ ನಡೆಸುವ ಸಾಮಾನ್ಯ ಖರ್ಚಿನ ಪಾಲು) ಸೇರಿತು ಎನ್ನಿ. ಖರ್ಚು 130, ಗೆರೆ 185.71 ಲಕ್ಷಕ್ಕೆ ಹೋಯಿತು. ತಯಾರಿಕೆಯ 100 ಲಕ್ಷಕ್ಕೆ ವರ್ಷಕ್ಕೆ ಶೇ 12 ಸರಳ ಬಡ್ಡಿ, ಎರಡು ವರ್ಷಕ್ಕೆ 24 ಲಕ್ಷ ಸೇರಿಸಿ. ಖರ್ಚು 154, ಗೆರೆ 220 ಲಕ್ಷ. ನಿಮಗಿಂತ ಮುಂಚೆ ಮತ್ತೊಬ್ಬರಿಗೆ ಒಟ್ಟು ವಸೂಲಿಯಲ್ಲೇ ಶೇ 10 ಪಾಲು ಕೊಡುವ ಮಾತಾಗಿದ್ದರೆ ಉಳಿಯುವುದು 100ಕ್ಕೆ 60, ಗೆರೆ 256.67 ಲಕ್ಷ. ತಯಾರಿಕೆಗೂ ವಿತರಣೆಗೂ ಒಂದು ಕಾಸೂ ಹೆಚ್ಚು ಖರ್ಚಾಗಿಲ್ಲ. 120 ಇದ್ದದ್ದು ಎರಡು ಪಟ್ಟು ದಾಟಿತು, ಅದೂ ನಾಲ್ಕು ಸಾಲಿನ ಬಲದಿಂದ.

ಸಿನಿಮಾ ಉದ್ಯಮದಲ್ಲಿ ಈ ಸಾಲುಗಳು ನ್ಯಾಯಾಲಯದವರೆಗೂ ಹೋಗಿವೆ. ಅಂಕಣಕಾರ ಆರ್ಟ್ ಬುಕ್ವಾಲ್ಡ್ ಅವರು ಹಾಲಿವುಡ್ ಸ್ಟುಡಿಯೊ ಪ್ಯಾರಾಮೌಂಟ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಲಾಸ್ ಏಂಜಲೀಸ್‌ನ ಸುಪೀರಿಯರ್ ಕೋರ್ಟ್ 1990ರಲ್ಲಿ ಸ್ಟುಡಿಯೊದ ನಿವ್ವಳ ಲಾಭದ ಸೂತ್ರದ ಹಲವು ಅಂಶಗಳನ್ನು ತೀರಾ ಅನ್ಯಾಯದವು ಎಂದು ತಳ್ಳಿಹಾಕಿತು. ನಿಜವಾದ ಖರ್ಚಿಗೆ ಸಂಬಂಧವಿಲ್ಲದ ಮೇಲ್ವೆಚ್ಚದ ದರ, ಮೇಲ್ವೆಚ್ಚದ ಮೇಲೆ ಬಡ್ಡಿ, ಹಣಕ್ಕೆ ನಿಜವಾಗಿ ತಗಲಿದ ದರಕ್ಕೆ ಹೊಂದದ ಬಡ್ಡಿ, ಇವು ಅವುಗಳಲ್ಲಿ ಸೇರಿದ್ದವು. ಕರಾರು ಓದುವಾಗ ಮೊದಲು ಹುಡುಕಬೇಕಾದವೂ ಇವೇ.

ಹಾಗಾಗಿ ಖರ್ಚನ್ನು ‘ಇತ್ಯಾದಿ’ ಎಂದು ಮುಗಿಸಬೇಡಿ. ಪಟ್ಟಿಯನ್ನು ಮುಚ್ಚಿ: ಇದರಲ್ಲಿ ಹೆಸರಿಸದ ಖರ್ಚು ಲೆಕ್ಕಕ್ಕಿಲ್ಲ. ಮೇಲ್ವೆಚ್ಚಕ್ಕೆ ಗರಿಷ್ಠ ಮೊತ್ತ ಕೊಡಿ. ಬಡ್ಡಿಗೆ ನಾಲ್ಕು ವಿಷಯ ಬೇಕು: ದರ, ಸರಳವೋ ಚಕ್ರವೋ, ಯಾವ ಬಾಕಿಯ ಮೇಲೆ, ಬಂದ ಹಣ ಮೊದಲು ಬಡ್ಡಿಗೆ ಹೋಗುತ್ತದೆಯೋ ಅಸಲಿಗೋ. ಕೊನೆಯದು ಚಿಕ್ಕದಾಗಿ ಕಂಡರೂ, ಮೊದಲು ಬಡ್ಡಿಗೆ ಜಮೆ ಮಾಡಿದರೆ ಅಸಲು ಕರಗುವುದು ನಿಧಾನವಾಗಿ ಬಡ್ಡಿ ಇನ್ನಷ್ಟು ದಿನ ಓಡುತ್ತದೆ.

ಹಂತ 4: ದಿನಾಂಕ, ಮತ್ತು ಹಿಂದಕ್ಕೆ ಜಾರಿದರೆ?

ವಾಕ್ಯ ಹೀಗಿರಬಹುದು:

“‘ಬ್ರೇಕ್‌ಈವನ್’ ಎಂದರೆ, ಕರಾರು ಜಾರಿಗೆ ಬಂದ ದಿನದಿಂದ ಉತ್ಪನ್ನದ ಮಾರಾಟದ ಬಾಬತ್ತು ಕಂಪನಿಯ ಖಾತೆಗೆ ವಾಸ್ತವವಾಗಿ ಜಮೆಯಾದ ಒಟ್ಟು ಹಣವು, ತೆರಿಗೆ ಹಾಗೂ ಗ್ರಾಹಕರಿಗೆ ಮರಳಿಸಿದ ಹಣ ಕಳೆದ ಬಳಿಕ, ಅನುಬಂಧ 1ರಲ್ಲಿ ಹೆಸರಿಸಿದ ವೆಚ್ಚಗಳ ಒಟ್ಟು ಮೊತ್ತಕ್ಕೆ ಮೊದಲ ಬಾರಿ ಸಮನಾದ ಅಥವಾ ಅದನ್ನು ಮೀರಿದ ತಿಂಗಳ ಕೊನೆಯ ದಿನ. ಒಮ್ಮೆ ತಲುಪಿದ ಬ್ರೇಕ್‌ಈವನ್ ನಂತರದ ವೆಚ್ಚದಿಂದ ರದ್ದಾಗತಕ್ಕದ್ದಲ್ಲ.”

‘ಮೊದಲ ಬಾರಿ’ ಮತ್ತು ಕೊನೆಯ ವಾಕ್ಯ ಜೊತೆಯಾಗಿಯೇ ಇರಬೇಕು. ಇವಿಲ್ಲದಿದ್ದರೆ ಗೆರೆ ಉರುಳುತ್ತ ಹೋಗುತ್ತದೆ. ಶೇ 30 ಕಮಿಷನ್‌ನ ಮೇಲಿನ ಉದಾಹರಣೆಯಲ್ಲಿ ವಿತರಕರು ಆಮೇಲೆ 7 ಲಕ್ಷ ಜಾಹೀರಾತಿಗೆ ಹಾಕಿದರೆ ಗೆರೆ 10 ಲಕ್ಷ ಮುಂದೆ ಸರಿಯುತ್ತದೆ. ಉರುಳುವ ಗೆರೆಯನ್ನೇ ಒಪ್ಪುವುದಾದರೆ, ಈಗಾಗಲೇ ಕೊಟ್ಟ ಪಾಲನ್ನು ವಾಪಸು ಕೇಳುವಂತಿಲ್ಲ, ಮುಂದಿನ ಕಂತಿನಲ್ಲಿ ಮಾತ್ರ ಹೊಂದಿಸಬೇಕು ಎಂದಾದರೂ ಬರೆಸಿಕೊಳ್ಳಿ. ಪಾಲು ಗೆರೆ ದಾಟಿದ ಮೇಲಿನ ಹಣಕ್ಕೆ ಮಾತ್ರವೋ, ಮೊದಲ ವಸೂಲಿಯಿಂದಲೋ ಎಂಬುದನ್ನೂ ಹೇಳಿರಬೇಕು.

ತೈಲ ಮತ್ತು ಅನಿಲ ಬಾವಿಗಳ ಕರಾರುಗಳಲ್ಲಿ ಈ ಕಲೆ ಚೆನ್ನಾಗಿ ಪಳಗಿದೆ. ಅಲ್ಲಿ ಈ ಹಂತಕ್ಕೆ ‘ಪೇಔಟ್’ ಎನ್ನುತ್ತಾರೆ: ರಾಯಲ್ಟಿ, ಉತ್ಪಾದನಾ ತೆರಿಗೆ, ನಡೆಸುವ ಖರ್ಚು ಕಳೆದು ಉಳಿದ ಆದಾಯ, ಬಾವಿ ಕೊರೆದು ಸಜ್ಜುಗೊಳಿಸಿದ ಖರ್ಚನ್ನು ಮುಟ್ಟಿದ ಕ್ಷಣ. ಅದಕ್ಕೆ ಮುಂಚಿನ ಪಾಲು ಒಂದು, ನಂತರದ್ದು ಇನ್ನೊಂದು. ಹೊಸ ಪಾಲು ಮುಂದಿನ ತಿಂಗಳ 1ನೇ ತಾರೀಖು ಬೆಳಗ್ಗೆ 7 ಗಂಟೆಯಿಂದ ಎಂದು ಗಂಟೆಯನ್ನೂ ನಮೂದಿಸುವ ವಾಡಿಕೆ ಅಮೆರಿಕದ ಕರಾರುಗಳಲ್ಲಿದೆ. ಖರ್ಚಿಗೆ ಕೈಜೋಡಿಸದ ಪಾಲುದಾರರ ಹಕ್ಕು, ಅವರ ಭಾಗದ ಕೊರೆತದ ಖರ್ಚಿನ ಶೇ 300ರಷ್ಟು ಬಂದ ಮೇಲೆಯೇ ಮರಳುತ್ತದೆ ಎಂದು ಬರೆಯುವುದೂ ಉಂಟು. ಅಪಾಯ ಹೊತ್ತವರಿಗೆ ಅದು ಸಂಭಾವನೆ. ಇನ್ನು ಲೆಕ್ಕ ಬಾವಿವಾರೋ, ಇಡೀ ಪ್ರದೇಶಕ್ಕೋ? ಬಾವಿವಾರು ಆದರೆ ಒಳ್ಳೆಯ ಬಾವಿ ಬೇಗ ಗೆರೆ ದಾಟುತ್ತದೆ. ಒಟ್ಟಿಗೆ ಹಿಡಿದರೆ ಪಕ್ಕದ ಒಣ ಬಾವಿಯ ಖರ್ಚನ್ನೂ ಅದೇ ತೀರಿಸಬೇಕು. ಹಲವು ಉತ್ಪನ್ನ, ಹಲವು ಶಾಖೆ ಇರುವ ಯಾವುದೇ ವ್ಯವಹಾರಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ.

ಬಾಡಿಗೆ ಕರಾರಿನಲ್ಲಿ

ಮಳಿಗೆಗಳಿಗೆ ಮೂಲ ಬಾಡಿಗೆಯ ಜೊತೆ ವಹಿವಾಟಿನ ಶೇಕಡಾವಾರು ಬಾಡಿಗೆ ಇರುವಲ್ಲಿ, ಹೆಚ್ಚುವರಿ ಶುರುವಾಗುವ ಮಟ್ಟವನ್ನು ಕಂಡುಹಿಡಿಯುವುದು ಸುಲಭ: ಮೂಲ ಬಾಡಿಗೆಯನ್ನು ಶೇಕಡಾ ದರದಿಂದ ಭಾಗಿಸಿ. ವರ್ಷಕ್ಕೆ 12 ಲಕ್ಷ ಬಾಡಿಗೆ, ಶೇ 6 ದರ ಆದರೆ ಮಟ್ಟ 200 ಲಕ್ಷ. ವಹಿವಾಟು 260 ಲಕ್ಷವಾದರೆ ಮೇಲಿನ 60 ಲಕ್ಷಕ್ಕೆ 3.6 ಲಕ್ಷ ಹೆಚ್ಚುವರಿ.

ಎಡವುವುದು ಎರಡು ಕಡೆ. ಕರಾರಿನಲ್ಲಿ ಸೂತ್ರದ ಬದಲು ‘200 ಲಕ್ಷ’ ಎಂದು ಅಂಕಿಯನ್ನೇ ಬರೆದಿದ್ದರೆ, ಮೂಲ ಬಾಡಿಗೆ ಶೇ 5 ಏರಿ 12.6 ಲಕ್ಷವಾದಾಗ ಮಟ್ಟ 210 ಲಕ್ಷಕ್ಕೆ ಏರಬೇಕಿತ್ತು, ಏರುವುದಿಲ್ಲ. ಅದೇ 260 ಲಕ್ಷ ವಹಿವಾಟಿಗೆ 3 ಲಕ್ಷದ ಬದಲು 3.6 ಲಕ್ಷ ಹೋಗುತ್ತದೆ. ಎರಡನೆಯದು, ತಿಂಗಳವಾರು ಲೆಕ್ಕ. ವರ್ಷದ ವಹಿವಾಟು 190 ಲಕ್ಷವಾಗಿದ್ದರೆ ಹೆಚ್ಚುವರಿ ಬೀಳಲೇಬಾರದು. ಆದರೆ 200ನ್ನು 12ರಿಂದ ಭಾಗಿಸಿ 16.67 ಲಕ್ಷದ ಮಾಸಿಕ ಮಟ್ಟ ಇಟ್ಟರೆ, ಭರಾಟೆಯ ಒಂದು ತಿಂಗಳಲ್ಲಿ 40 ಲಕ್ಷ ಮಾರಿದ್ದಕ್ಕೆ 1.4 ಲಕ್ಷ ಕೊಡಬೇಕಾಗುತ್ತದೆ. ವರ್ಷಾಂತ್ಯದಲ್ಲಿ ತಾಳೆ ಹಾಕಿ ಹೆಚ್ಚು ಕೊಟ್ಟದ್ದನ್ನು ಮರಳಿಸುವ ಷರತ್ತು ಇದಕ್ಕೆ ಪರಿಹಾರ.

ಷೇರುಪೇಟೆಯಲ್ಲಿ, ಸಾಲದಲ್ಲಿ

ಇಲ್ಲಿ ವ್ಯಾಖ್ಯೆಗೆ ಹೆಚ್ಚು ಕಸರತ್ತು ಬೇಡ. ಕಾಲ್ ಆಪ್ಷನ್ (ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕು) ಕೊಂಡವರಿಗೆ ನಿಗದಿತ ಬೆಲೆ ಮತ್ತು ಆ ಹಕ್ಕಿಗೆ ತೆತ್ತ ಪ್ರೀಮಿಯಂ ಕೂಡಿಸಿದ್ದೇ ಬ್ರೇಕ್‌ಈವನ್: 100 ಮತ್ತು 6 ಆದರೆ 106. ಪುಟ್ (ಮಾರುವ ಹಕ್ಕು) ಆದರೆ ಕಳೆಯಬೇಕು: 94. ಗಡುವಿನ ದಿನ ಬೆಲೆ 103 ಇದ್ದಾಗ ‘106 ಮುಟ್ಟಿಲ್ಲ’ ಎಂದು ಕಾಲ್ ಅನ್ನು ಬಿಟ್ಟುಬಿಡುವುದು ತಪ್ಪು. ಚಲಾಯಿಸಿದರೆ 6ರ ನಷ್ಟ 3ಕ್ಕೆ ಇಳಿಯುತ್ತದೆ. ದಲ್ಲಾಳಿ ಶುಲ್ಕ, ತೆರಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳೆಯ ಸಾಲ ತೀರಿಸಿ ಕಡಿಮೆ ಬಡ್ಡಿಯ ಸಾಲ ತೆಗೆಯುವಾಗ, ಬದಲಾವಣೆಯ ಒಟ್ಟು ಖರ್ಚನ್ನು ತಿಂಗಳ ಉಳಿತಾಯದಿಂದ ಭಾಗಿಸಿ: 24,000 ಖರ್ಚು, 1,500 ಉಳಿತಾಯ ಆದರೆ 16 ತಿಂಗಳು. ಉಳಿತಾಯ ಎಂದರೆ ಬಡ್ಡಿಯಲ್ಲಿ ಆದ ಉಳಿತಾಯ. ಅವಧಿ ಹಿಗ್ಗಿಸಿ ಕಂತು ಇಳಿಸಿದ್ದನ್ನು ಉಳಿತಾಯ ಎಂದು ಹಿಡಿದರೆ ಲೆಕ್ಕ ಸುಳ್ಳಾಗುತ್ತದೆ.

ಹಂತ 5: ಲೆಕ್ಕದ ಮಾದರಿ, ತಪಾಸಣೆ, ತಕರಾರು

ಕರಾರಿನ ಅನುಬಂಧದಲ್ಲಿ ಅಂಕಿಗಳೊಂದಿಗೆ ಒಂದು ಮಾದರಿ ಲೆಕ್ಕ ಸೇರಿಸಿ, ಮತ್ತು ಪಠ್ಯಕ್ಕೂ ಮಾದರಿಗೂ ಹೊಂದದಿದ್ದರೆ ಯಾವುದು ಮೇಲು ಎಂದು ಬರೆಯಿರಿ. ಮಾದರಿ ಮಾಡಲು ಕೂತಾಗಲೇ ಇಬ್ಬರ ಮನಸ್ಸಿನಲ್ಲಿದ್ದ ಬೇರೆ ಬೇರೆ ಅರ್ಥಗಳು ಹೊರಬೀಳುತ್ತವೆ. ಸಹಿಗೆ ಮುಂಚೆ ಅವು ಹೊರಬಂದರೆ ಬಗೆಹರಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು.

ಪ್ರತಿ ತ್ರೈಮಾಸಿಕ ಮುಗಿದ ಇಷ್ಟು ದಿನದೊಳಗೆ ಆದಾಯ, ಬಾಬತ್ತುವಾರು ಖರ್ಚು, ಬಡ್ಡಿ, ಉಳಿದ ಬಾಕಿ ತೋರಿಸುವ ತಃಖ್ತೆ ಕೊಡಬೇಕು ಎಂದಿರಲಿ. ಗೆರೆ ಇನ್ನೂ ದೂರವಿದ್ದರೂ ತಃಖ್ತೆ ಬರುತ್ತಿರಲಿ. ಮೂರು ವರ್ಷದ ಲೆಕ್ಕವನ್ನು ಒಟ್ಟಿಗೆ ಕೆದಕುವುದು ಬಹಳ ಕಷ್ಟ. ಪುಸ್ತಕ ಪರಿಶೀಲಿಸುವ ಹಕ್ಕು, ಆಕ್ಷೇಪಣೆಗೆ ಗಡುವು ಎರಡೂ ಬೇಕು. ತಪಾಸಣೆಯ ಖರ್ಚು ಕೇಳಿದವರದೇ; ಆದರೆ ಕೊಡಬೇಕಾದದ್ದರಲ್ಲಿ ಶೇ 5ಕ್ಕಿಂತ ಹೆಚ್ಚಿನ ಕೊರತೆ ಕಂಡುಬಂದರೆ ಆ ಖರ್ಚನ್ನೂ ಲೆಕ್ಕ ಬರೆದವರೇ ಭರಿಸಬೇಕು ಎಂಬ ಷರತ್ತು ಸಾಮಾನ್ಯ.

ಅಂಕಿಯ ತಕರಾರನ್ನು ನ್ಯಾಯಾಲಯಕ್ಕೆ ಒಯ್ಯುವ ಬದಲು ಇಬ್ಬರೂ ಒಪ್ಪಿದ ಸ್ವತಂತ್ರ ಲೆಕ್ಕಪರಿಶೋಧಕರಿಗೆ ಒಪ್ಪಿಸಿ. ಅಷ್ಟರವರೆಗೆ ತಕರಾರಿಲ್ಲದ ಮೊತ್ತ ನಿಲ್ಲದೆ ಪಾವತಿಯಾಗುತ್ತಿರಬೇಕು. ಉಳಿದದ್ದಕ್ಕೆ ಬಡ್ಡಿ ಲೆಕ್ಕಪರಿಶೋಧಕರ ತೀರ್ಮಾನ ಬಂದ ದಿನದಿಂದಲ್ಲ, ಹಣ ಕೊಡಬೇಕಿದ್ದ ದಿನದಿಂದ ಎಂದು ಬರೆಸಿ.