ಸಾಹಿತಿಯೊಡನೆ ಓದು-ಬರಹದ ಸಂವಾದ: ಸಿದ್ಧತೆ ಹೀಗಿರಲಿ

ದಾವಣಗೆರೆಗೆ ಸಾಹಿತಿಯೊಬ್ಬರನ್ನು ಕರೆಸಿ ಮೆಚ್ಚಿನ ಪುಸ್ತಕ, ಕಥೆ-ಕವನ ಬರೆಯುವ ಬಗೆ ಇವುಗಳ ಮೇಲೆ ಮಾತಾಡಬೇಕೆಂದಿದ್ದರೆ ಮೊದಲು ವೇದಿಕೆ ಕಾರ್ಯಕ್ರಮದ ಪಟ್ಟಿಯನ್ನು ಕೈಬಿಡಿ. ಪ್ರಾರ್ಥನೆ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ನುಡಿ ಮುಗಿಯುವಷ್ಟರಲ್ಲಿ ಹರಿಹರ, ಹೊನ್ನಾಳಿ ಕಡೆಯಿಂದ ಬಂದ ಹುಡುಗರು ಬಸ್ಸಿಗೆ ಎದ್ದಿರುತ್ತಾರೆ. ಎರಡು ಗಂಟೆ, ಇಪ್ಪತ್ತೈದು-ಮೂವತ್ತು ಜನ ಸಾಕು. ಸ್ವಾಗತ ಐದು ನಿಮಿಷ ಮೀರದಿರಲಿ.

ಮೂರು ವಾರ ಮೊದಲೇ ಅತಿಥಿಗೆ ಫೋನ್ ಮಾಡಿ, ತಮ್ಮ ಯಾವ ಕಥೆಯನ್ನು ಎಲ್ಲರೂ ಓದಿ ಬಂದರೆ ಚೆನ್ನ ಎಂದು ಅವರನ್ನೇ ಕೇಳಿ. ಹತ್ತು-ಹದಿನೈದು ಪುಟದ್ದಾಗಿರಲಿ, ಇಡೀ ಕಾದಂಬರಿ ಹೇಳಿದರೆ ಅರ್ಧದಷ್ಟು ಜನ ಓದುವುದಿಲ್ಲ. ಅವರ ಒಪ್ಪಿಗೆ ಪಡೆದು ಜೆರಾಕ್ಸ್ ಮಾಡಿಸಿ, ವಾರ ಮೊದಲು ಹಂಚಿ. ಪ್ರಯಾಣದ ಖರ್ಚು, ಗೌರವಧನ ಎಷ್ಟೆಂಬುದನ್ನೂ ಆಗಲೇ ಹೇಳಿಬಿಡಿ. ಹಣದ ಮಾತು ಎತ್ತಲು ಲೇಖಕರು ಸಂಕೋಚಪಡುತ್ತಾರೆ, ಕರೆದವರು ಪಡಬಾರದು.

ಸಂವಾದ ಸೊರಗುವುದು ಹೆಚ್ಚಾಗಿ ಪ್ರಶ್ನೆಗಳಿಂದಲೇ. 'ನಿಮಗೆ ಸ್ಫೂರ್ತಿ ಯಾರು?' ಎಂದರೆ ಅವರು ಹತ್ತು ಊರುಗಳಲ್ಲಿ ಕೊಟ್ಟ ಉತ್ತರವೇ ಇಲ್ಲೂ ಬರುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ಮೆಚ್ಚಿನ ಪುಸ್ತಕವೊಂದನ್ನು ತರಲಿ, ತಮ್ಮನ್ನು ಹಿಡಿದಿಟ್ಟ ಒಂದೇ ಪುಟಕ್ಕೆ ಚೀಟಿ ಇಟ್ಟಿರಲಿ. ಆ ಪುಟದ ನಾಲ್ಕು ಸಾಲು ಓದಿ, ಅಲ್ಲಿಂದ ಅತಿಥಿಯ ಕಥೆಗೆ ಪ್ರಶ್ನೆ ಹೊರಳಿಸಬೇಕು. ಉದಾಹರಣೆಗೆ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ತ.ರಾ.ಸು. ಅವರ 'ದುರ್ಗಾಸ್ತಮಾನ' ಕಾದಂಬರಿಯನ್ನು ಯಾರಾದರೂ ತಂದರೆನ್ನಿ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂಬುದು ಈ ಸೀಮೆಯವರಿಗೆ ತಿಳಿದದ್ದೇ, ಪುಸ್ತಕದ ಹೆಸರೂ ಅದನ್ನೇ ಹೇಳುತ್ತದೆ. 'ಕೊನೆ ಗೊತ್ತಿದ್ದೂ ಓದುಗ ಪುಟ ತಿರುವುವುದು ಯಾಕೆ ಸರ್? ನಿಮ್ಮ ಕಥೆಯಲ್ಲಿ ಸಾವಿನ ಸುದ್ದಿಯನ್ನು ಮೊದಲ ಸಾಲಲ್ಲೇ ಹೇಳಿದ್ದರೆ ಏನು ಕೆಡುತ್ತಿತ್ತು?' ಇಂಥ ಪ್ರಶ್ನೆಗೆ ಯಾವ ಲೇಖಕರಾದರೂ ಕುರ್ಚಿಯಲ್ಲಿ ಮುಂದೆ ಸರಿದು ಕೂರುತ್ತಾರೆ. ಒಬ್ಬರಿಗೆ ಎರಡು ನಿಮಿಷ, ಒಂದೇ ಪ್ರಶ್ನೆ. ಪ್ರಶ್ನೆಯ ಹೆಸರಲ್ಲಿ ಭಾಷಣ ಶುರುವಾದರೆ 'ಪ್ರಶ್ನೆ ಹೇಳಿ ಸರ್' ಎನ್ನುವ ಧೈರ್ಯವುಳ್ಳವರೇ ನಿರ್ವಾಹಕರಾಗಬೇಕು.

ಎರಡನೇ ಗಂಟೆ ಬರೆಯಲು. ಹದಿನೈದು ನಿಮಿಷದ ಅಭ್ಯಾಸ ಕೊಡಿ: ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಸಂಜೆ ಮನೆಗೆ ಬಂದವರ ಬಗ್ಗೆ ಎಂಟು ಸಾಲು, 'ದಣಿವು', 'ಬಡತನ', 'ಕಷ್ಟ' ಈ ಮೂರು ಪದ ಬಳಸಬಾರದು. ಆಗ ಹೊಗೆ ಹತ್ತಿದ ಅಂಗಿ, ಕೆಂಪಾದ ಕಣ್ಣು, ನೀರು ಕೇಳುವ ದನಿ ತಾವಾಗಿ ಬರುತ್ತವೆ. ಮಾತುಕತೆಯ ಸಾಲುಗಳನ್ನು ಮನೆಯಲ್ಲಾಡುವ ಕನ್ನಡದಲ್ಲೇ ಬರೆಯಲಿ, ಗ್ರಂಥಸ್ಥ ಭಾಷೆಗೆ ತಿದ್ದಬೇಡಿ. ಇಷ್ಟವಿದ್ದ ನಾಲ್ಕೈದು ಜನ ಓದಲಿ. ಕೇಳಿದವರು ಮೊದಲು ಮನಸ್ಸಲ್ಲಿ ನಿಂತ ಸಾಲು ಯಾವುದೆಂದು, ಆಮೇಲೆ ಎಲ್ಲಿ ಗೊಂದಲವಾಯಿತೆಂದು ಹೇಳಬೇಕು. ಬರೀ 'ಚೆನ್ನಾಗಿದೆ' ಎಂದರೆ ಬರೆದವರಿಗೆ ಕೈಗೆ ಏನೂ ಸಿಗುವುದಿಲ್ಲ. ಅತಿಥಿಯ ಮಾತು ಕೊನೆಗಿರಲಿ. ಅವರು ಮೊದಲೇ ತೀರ್ಪು ಕೊಟ್ಟರೆ ಉಳಿದವರು ಬಾಯಿ ಬಿಡುವುದಿಲ್ಲ.

ಹಸ್ತಪ್ರತಿಯ ಕಟ್ಟು ಹಿಡಿದು ಮುನ್ನುಡಿ ಕೇಳುವವರು ಇದ್ದೇ ಇರುತ್ತಾರೆ. ಆಹ್ವಾನದಲ್ಲೇ 'ಹಸ್ತಪ್ರತಿ ತರಬೇಡಿ' ಎಂದು ಸೇರಿಸಿ.

ಕುರ್ಚಿಗಳನ್ನು ದುಂಡಗೆ ಹಾಕಿ, ಅತಿಥಿಯೂ ಅದೇ ಸಾಲಿನಲ್ಲಿ ಕೂರಲಿ. ಬೇಸಿಗೆಯಲ್ಲಿ ಸಂಜೆ ಐದರ ನಂತರ ಇಟ್ಟುಕೊಳ್ಳಿ. ಫ್ಯಾನಿನ ಸದ್ದು ಜೋರಿದ್ದರೆ ಮೈಕ್ ಬೇಕೇ ಬೇಕು. ಚಹಾ ಮೊದಲೇ ಕೊಟ್ಟುಬಿಡಿ, ನಡುವೆ ತಂದರೆ ಮಾತು ಕಡಿಯುತ್ತದೆ. ಅತಿಥಿಯ ಪುಸ್ತಕಗಳ ಮೇಜು ಬಾಗಿಲ ಬಳಿ ಇರಲಿ. ಚಿಲ್ಲರೆಯ ಜೊತೆಗೆ ಸ್ಕ್ಯಾನ್ ಮಾಡಿ ದುಡ್ಡು ಹಾಕುವ ಅನುಕೂಲವೂ ಇದ್ದರೆ ಕೊಳ್ಳಬೇಕೆಂದವರು ಬರಿಗೈಯಲ್ಲಿ ಹೋಗುವುದು ತಪ್ಪುತ್ತದೆ.